ತೂಬಿನ ಕೀಲಿ ಯಾರ ಕೈಲಿ? ಎಐ ಚಿಪ್‌ಗಳ ಹಿಂದಿನ ರಾಜಕೀಯ ಮತ್ತು ದುಡ್ಡು

2025ರ ಜನವರಿ 13. ಅಮೆರಿಕದಲ್ಲಿ ಬೈಡನ್ ಸರ್ಕಾರ ಅಧಿಕಾರ ಬಿಡಲು ಇನ್ನೊಂದೇ ವಾರ ಉಳಿದಿತ್ತು. ಅಂದು ಅಲ್ಲಿನ ವಾಣಿಜ್ಯ ಇಲಾಖೆ ಒಂದು ನಿಯಮ ಹೊರಡಿಸಿ, ಜಗತ್ತಿನ ದೇಶಗಳನ್ನೆಲ್ಲ ಮೂರು ಸಾಲುಗಳಲ್ಲಿ ಕೂರಿಸಿತು. ಮೊದಲ ಸಾಲಿನಲ್ಲಿ ಬ್ರಿಟನ್, ಜಪಾನ್, ದಕ್ಷಿಣ ಕೊರಿಯಾ, ತೈವಾನ್ ಸೇರಿ 18 ಆಪ್ತ ದೇಶಗಳಿದ್ದವು. ಅವರು ಬೇಕಾದಷ್ಟು ಎಐ ಚಿಪ್ ಕೊಳ್ಳಬಹುದಿತ್ತು. ಕೊನೆಯ ಸಾಲಿನಲ್ಲಿ ಚೀನಾ, ರಷ್ಯಾದಂಥವರು; ಅವರಿಗೆ ಬಾಗಿಲು ಬಂದ್. ಭಾರತಕ್ಕೆ ಸಿಕ್ಕಿದ್ದು ನಡುವಿನ ಸಾಲು. ಈ ಸಾಲಿನ ಒಂದೊಂದು ದೇಶಕ್ಕೂ ಮೂರು ವರ್ಷಕ್ಕೆ ಸುಮಾರು 50,000 ಚಿಪ್‌ಗಳ ಮಿತಿ. ಅದಕ್ಕಿಂತ ಹೆಚ್ಚು ಬೇಕಾದರೆ ವಾಷಿಂಗ್ಟನ್‌ನ ವಿಶೇಷ ಅನುಮತಿ ಬೇಕು.

ನಾಲ್ಕು ತಿಂಗಳಲ್ಲಿ ಟ್ರಂಪ್ ಸರ್ಕಾರ ಆ ನಿಯಮವನ್ನು ಜಾರಿಗೆ ಬರುವ ಮೊದಲೇ ಕೈಬಿಟ್ಟಿತು. ಆದರೆ ಆ ಪಟ್ಟಿ ಒಂದು ಸತ್ಯವನ್ನು ಬಿಚ್ಚಿಟ್ಟು ಹೋಯಿತು. ಬೆಂಗಳೂರಿನಲ್ಲಿ ಎಷ್ಟೇ ಜಾಣ ಎಂಜಿನಿಯರ್‌ಗಳಿರಲಿ, ಕನ್ನಡ ಮಾತಾಡುವ ಎಐ ಕಟ್ಟಲು ಬೇಕಾದ ಯಂತ್ರ ನಮಗೆ ಸಿಗುತ್ತದೋ ಇಲ್ಲವೋ ಎಂಬುದು ಇನ್ನೊಂದು ದೇಶದ ಕಚೇರಿಯಲ್ಲಿ ತೀರ್ಮಾನವಾಗಬಲ್ಲದು. ಆ ತೀರ್ಮಾನ ಹೇಗೆ ಆಗುತ್ತದೆ, ಯಾರ ದುಡ್ಡು ಅದರ ಹಿಂದೆ ಕೆಲಸ ಮಾಡುತ್ತದೆ ಎಂಬುದನ್ನು ಬುಡದಿಂದ ನೋಡೋಣ.

ಸರ್ಕಾರಗಳ ಕಣ್ಣು ಚಿಪ್ ಮೇಲೆಯೇ ಯಾಕೆ?

ಕೋಲಾರ, ತುಮಕೂರು ಸೀಮೆಯ ಕೆರೆಗಳನ್ನು ಕಂಡವರಿಗೆ ನೀರಗಂಟಿ ಗೊತ್ತು. ಕೆರೆ ಊರಿನದು, ಗದ್ದೆ ರೈತರದು. ತೂಬು ಎತ್ತುವುದು, ಇಳಿಸುವುದು ಮಾತ್ರ ನೀರಗಂಟಿಯ ಕೆಲಸ. ಯಾವ ಗದ್ದೆಯಲ್ಲಿ ಏನು ಬಿತ್ತಬೇಕು ಎಂದು ಅವನು ಹೇಳುವುದಿಲ್ಲ. ಹೇಳಬೇಕಾದ ಅಗತ್ಯವೂ ಇಲ್ಲ. ತೂಬು ಮುಚ್ಚಿದರೆ ಯಾವ ಬೆಳೆಯೂ ಮೇಲೇಳುವುದಿಲ್ಲ.

ಎಐ ವಿಷಯದಲ್ಲಿ ಆ ನೀರು ಎಂದರೆ ಗಣನಾ ಶಕ್ತಿ, ತೂಬು ಎಂದರೆ ಚಿಪ್.

ಎಐ ಮಾದರಿ ಎಂದು ನಾವು ಕರೆಯುವುದು ಕೊನೆಗೆ ಒಂದು ದೊಡ್ಡ ಕಂಪ್ಯೂಟರ್ ಫೈಲ್. ಅದರ ತುಂಬ ಇರುವುದು ಸಂಖ್ಯೆಗಳು. ಕೋಟಿಗಟ್ಟಲೆ ಪುಟಗಳ ಬರಹವನ್ನು ತೋರಿಸುತ್ತಾ ಆ ಸಂಖ್ಯೆಗಳನ್ನು ಸ್ವಲ್ಪ ಸ್ವಲ್ಪವೇ ತಿದ್ದುವ ಕೆಲಸಕ್ಕೆ ತರಬೇತಿ ಎನ್ನುತ್ತಾರೆ. ಒಮ್ಮೆ ತಯಾರಾದ ಫೈಲನ್ನು ನಕಲು ಮಾಡಬಹುದು, ಇಂಟರ್‌ನೆಟ್‌ನಲ್ಲಿ ಕಳಿಸಬಹುದು. ಅದನ್ನು ಗಡಿಯಲ್ಲಿ ನಿಂತು ತಡೆಯುವುದು ಕಷ್ಟ. ಎಂಜಿನಿಯರ್‌ನ ತಲೆಯೊಳಗಿನ ವಿದ್ಯೆಯನ್ನು ತಡೆಯುವುದು ಇನ್ನೂ ಕಷ್ಟ. ಚಿಪ್ ಹಾಗಲ್ಲ. ಅದು ಕಣ್ಣಿಗೆ ಕಾಣುವ, ತೂಕವಿರುವ, ವಿಮಾನದಲ್ಲಿ ಪೆಟ್ಟಿಗೆಯಾಗಿ ಬರುವ ವಸ್ತು. ಕಸ್ಟಮ್ಸ್‌ನವರು ಹಿಡಿಯಬಹುದು.

ಈ ಕೆಲಸಕ್ಕೆ ಬೇಕಾದ ಚಿಪ್‌ಗೆ ಜಿಪಿಯು ಎಂದು ಹೆಸರು. ಮೂಲತಃ ಅದು ವಿಡಿಯೊ ಗೇಮ್‌ಗಳ ಚಿತ್ರ ಮೂಡಿಸಲು ಹುಟ್ಟಿದ್ದು. ಮಾಮೂಲಿ ಕಂಪ್ಯೂಟರ್ ಚಿಪ್ ಒಬ್ಬ ನುರಿತ ಅಡುಗೆ ಭಟ್ಟರಿದ್ದಂತೆ. ಎಂಥ ಕಠಿಣ ಅಡುಗೆಯನ್ನೂ ಒಂದಾದ ಮೇಲೊಂದರಂತೆ ಮಾಡಿ ಮುಗಿಸುತ್ತಾರೆ. ಜಿಪಿಯು ಎಂದರೆ ಮದುವೆಯ ಹಿಂದಿನ ರಾತ್ರಿ ಈಳಿಗೆಮಣೆ ಹಿಡಿದು ಸಾಲಾಗಿ ಕೂತ ಜನ. ಒಬ್ಬೊಬ್ಬರೂ ಮಾಡುವುದು ಬರೀ ತರಕಾರಿ ಹೆಚ್ಚುವ ಕೆಲಸ, ಆದರೆ ಎಲ್ಲರೂ ಒಟ್ಟಿಗೆ ಮಾಡುವುದರಿಂದ ಮೂಟೆಗಟ್ಟಲೆ ತರಕಾರಿ ಬೆಳಗಾಗುವುದರೊಳಗೆ ಮುಗಿಯುತ್ತದೆ. ಎಐ ತರಬೇತಿ ಎಂಬುದು ಇಂಥದೇ ಕೆಲಸ: ಸುಲಭದ ಗುಣಾಕಾರ, ಕೂಡುವಿಕೆ, ಆದರೆ ಲೆಕ್ಕವಿಲ್ಲದಷ್ಟು.

ಎನ್‌ವಿಡಿಯಾ ಕಂಪನಿಯ ಎಚ್‌100 ಎಂಬ ಚಿಪ್ ಇದಕ್ಕೆ ಹೆಸರಾದದ್ದು. ಅಂಚೆ ಚೀಟಿಯಷ್ಟು ಅಗಲದ ಸಿಲಿಕಾನ್ ತುಂಡಿನಲ್ಲಿ 8,000 ಕೋಟಿ ಟ್ರಾನ್ಸಿಸ್ಟರ್‌ಗಳು, ಅಂದರೆ ಪುಟಾಣಿ ವಿದ್ಯುತ್ ಸ್ವಿಚ್‌ಗಳು. ಒಂದೊಂದು ಚಿಪ್ ಕೂಡ 700 ವ್ಯಾಟ್‌ವರೆಗೆ ವಿದ್ಯುತ್ ಎಳೆಯುತ್ತದೆ, ಅಂದರೆ ನಮ್ಮ ಅಡುಗೆಮನೆಯ ಮಿಕ್ಸಿ ಹಗಲೂ ರಾತ್ರಿ ನಿಲ್ಲದೆ ತಿರುಗಿದಂತೆ. ಒಂದರ ಬೆಲೆ 20ರಿಂದ 25 ಲಕ್ಷ ರೂಪಾಯಿ. ದೊಡ್ಡ ಮಾದರಿ ಕಟ್ಟಲು ಇಂಥವು ಸಾವಿರಗಟ್ಟಲೆ ಬೇಕು.

ಇದನ್ನು ತಯಾರಿಸಬಲ್ಲವರು ಬೆರಳೆಣಿಕೆಯಷ್ಟು. ವಿನ್ಯಾಸ ಅಮೆರಿಕದ್ದು. ತಯಾರಿಸುವುದು ತೈವಾನ್‌ನ ಟಿಎಸ್‌ಎಂಸಿ. ತಯಾರಿಸಲು ಬೇಕಾದ ಬೆಳಕಿನ ಯಂತ್ರವನ್ನು ಮಾಡುವುದು ಇಡೀ ಭೂಮಿಯ ಮೇಲೆ ಒಂದೇ ಕಂಪನಿ: ನೆದರ್‌ಲೆಂಡ್ಸ್‌ನ ಫೆಲ್ಡ್‌ಹೋವನ್ ಎಂಬ ಊರಿನ ಎಎಸ್‌ಎಂಎಲ್. ಆ ಯಂತ್ರದೊಳಗೆ ಸೆಕೆಂಡಿಗೆ 50,000 ತವರದ ಹನಿಗಳು ಉದುರುತ್ತವೆ. ಒಂದೊಂದು ಹನಿಗೂ ಲೇಸರ್ ಹೊಡೆದು, ಅದರಿಂದ ಹೊರಡುವ ವಿಶೇಷ ಬೆಳಕಿನಲ್ಲಿ ಸಿಲಿಕಾನ್ ಮೇಲೆ ಗೆರೆ ಮೂಡಿಸುತ್ತಾರೆ. ಇಷ್ಟು ಕಡಿಮೆ ಕೈಗಳ ಮೂಲಕ ಹಾದುಬರುವ ವಸ್ತುವನ್ನು ತಡೆಯುವುದು ಸುಲಭ. ನೂರಾರು ಕಾಲುವೆ ಇದ್ದರೂ ತೂಬು ಒಂದೇ.

2022ರ ಅಕ್ಟೋಬರ್ 7ರಂದು ಏನಾಯಿತು

ರಫ್ತು ನಿಯಂತ್ರಣ ಎಂದರೆ ತನ್ನ ದೇಶದ ವಸ್ತು ಯಾರಿಗೆ ಹೋಗಬಹುದು, ಯಾರಿಗೆ ಹೋಗಬಾರದು ಎಂದು ಸರ್ಕಾರ ಕಟ್ಟುಪಾಡು ಹಾಕುವುದು. ಆಯುಧಗಳಿಗೆ, ಅಣು ತಂತ್ರಜ್ಞಾನಕ್ಕೆ ಇದು ಹಳೆಯ ಪದ್ಧತಿ. 2022ರ ಅಕ್ಟೋಬರ್ 7ರಂದು ಅಮೆರಿಕ ಇದನ್ನು ಮುಂದುವರಿದ ಎಐ ಚಿಪ್‌ಗಳಿಗೂ, ಅವುಗಳನ್ನು ತಯಾರಿಸುವ ಯಂತ್ರಗಳಿಗೂ ಚೀನಾದ ವಿಷಯದಲ್ಲಿ ಅನ್ವಯಿಸಿತು. ಕೊಟ್ಟ ಕಾರಣ ರಾಷ್ಟ್ರೀಯ ಭದ್ರತೆ: ಇದೇ ಚಿಪ್‌ಗಳಿಂದ ಆಯುಧಗಳ ವಿನ್ಯಾಸ, ಸೇನೆಯ ಯೋಜನೆ, ಜನರ ಮೇಲಿನ ಕಣ್ಗಾವಲು ಎಲ್ಲವೂ ನಡೆಯಬಹುದು.

ಇದಕ್ಕೂ ಮೂರು ವಾರ ಮೊದಲು ಆಗಿನ ರಾಷ್ಟ್ರೀಯ ಭದ್ರತಾ ಸಲಹೆಗಾರ ಜೇಕ್ ಸಲಿವನ್ ಒಂದು ಭಾಷಣದಲ್ಲಿ ನೀತಿ ಬದಲಾದುದನ್ನು ಸ್ಪಷ್ಟವಾಗಿಯೇ ಹೇಳಿದ್ದರು. ಮೊದಲು ಪ್ರತಿಸ್ಪರ್ಧಿಗಿಂತ ಒಂದೆರಡು ಹೆಜ್ಜೆ ಮುಂದಿದ್ದರೆ ಸಾಕು ಎಂಬ ಲೆಕ್ಕವಿತ್ತು. ಇನ್ನು ಮುಂದೆ ಅಂತರ ಎಷ್ಟು ದೊಡ್ಡದಾಗಲು ಸಾಧ್ಯವೋ ಅಷ್ಟೂ ಇರಬೇಕು.

ಕಾನೂನಿನ ಅಳತೆಗೆ ಹೊಲಿದ ಚಿಪ್

ಈ ಕತೆಯಲ್ಲಿ ನನಗೆ ಬಹಳ ಮುಖ್ಯ ಅನ್ನಿಸುವುದು ಈ ಭಾಗ. ಕಾಗದದ ಮೇಲಿನ ನಿಯಮ ನೆಲಕ್ಕೆ ಬಂದಾಗ ಏನಾಗುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ಸಿಗುವುದು ಕಷ್ಟ.

2022ರ ನಿಯಮ ಚಿಪ್‌ಗಳನ್ನು ಎರಡು ಅಳತೆಗಳಲ್ಲಿ ತೂಗುತ್ತಿತ್ತು. ಒಂದು, ಚಿಪ್ ಎಷ್ಟು ವೇಗವಾಗಿ ಲೆಕ್ಕ ಮಾಡುತ್ತದೆ. ಇನ್ನೊಂದು, ಅದು ಪಕ್ಕದ ಚಿಪ್ ಜೊತೆ ಎಷ್ಟು ವೇಗವಾಗಿ ಮಾಹಿತಿ ಹಂಚಿಕೊಳ್ಳುತ್ತದೆ. ಎರಡರಲ್ಲೂ ಮಿತಿ ಮೀರಿದರೆ ಮಾತ್ರ ನಿಷೇಧ. ಮದುವೆ ಮನೆಗೇ ಮರಳುವುದಾದರೆ, ಹೆಚ್ಚುವವರ ಕೈ ಎಷ್ಟು ಚುರುಕು ಎಂಬುದು ಮೊದಲ ಅಳತೆ. ಹೆಚ್ಚಿದ್ದನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ದಾಟಿಸುವ ಬಾಗಿಲು ಎಷ್ಟು ಅಗಲ ಎಂಬುದು ಎರಡನೆಯದು.

ಎನ್‌ವಿಡಿಯಾ ಮಾಡಿದ್ದಿಷ್ಟು. ಎ100 ಎಂಬ ಚಿಪ್‌ನ ಕೈಚುರುಕನ್ನು ಹಾಗೆಯೇ ಉಳಿಸಿಕೊಂಡು ಬಾಗಿಲನ್ನು ಮಾತ್ರ ಕಿರಿದು ಮಾಡಿತು. ಸೆಕೆಂಡಿಗೆ 600 ಗಿಗಾಬೈಟ್ ದಾಟಿಸುತ್ತಿದ್ದುದನ್ನು 400ಕ್ಕೆ ಇಳಿಸಿ, ಎ800 ಎಂದು ಹೆಸರಿಟ್ಟು ಚೀನಾಕ್ಕೆ ಮಾರಿತು. ಎಚ್‌100ಗೂ ಹೀಗೆಯೇ ಎಚ್‌800 ಎಂಬ ತಮ್ಮ ಹುಟ್ಟಿದ. ಕಾನೂನು ಮುರಿದಂತಾಗಲಿಲ್ಲ, ವ್ಯಾಪಾರವೂ ನಿಲ್ಲಲಿಲ್ಲ.

ಒಂದು ವರ್ಷದ ಮೇಲೆ, 2023ರ ಅಕ್ಟೋಬರ್‌ನಲ್ಲಿ, ಸರ್ಕಾರ ಬಾಗಿಲಿನ ಅಳತೆಯನ್ನೇ ಕೈಬಿಟ್ಟು ಒಟ್ಟು ಶಕ್ತಿಯನ್ನು ತೂಗಲು ಶುರು ಮಾಡಿತು. ಎ800, ಎಚ್‌800 ಎರಡೂ ನಿಷೇಧದ ಪಟ್ಟಿಗೆ ಬಿದ್ದವು. ಎನ್‌ವಿಡಿಯಾ ಮತ್ತೆ ಹೊಸ ಚಿಪ್ ಹೊಲಿಯಿತು: ಎಚ್‌20. ಇದರ ಲೆಕ್ಕ ಮಾಡುವ ಶಕ್ತಿ ಬಹಳ ಕಡಿಮೆ, ಆದರೆ ನೆನಪಿನ ಭಾಗ ಧಾರಾಳ. ಕಲಿಸುವುದು ಬೇರೆ, ಕಲಿತದ್ದನ್ನು ಬಳಸುವುದು ಬೇರೆ. ನಾವು ಪ್ರಶ್ನೆ ಕೇಳಿದಾಗ ಎಐ ಉತ್ತರ ಕೊಡುವುದು ಎರಡನೆಯ ಕೆಲಸ. ಅದಕ್ಕೆ ವೇಗದ ನೆನಪು ಬಹಳ ಮುಖ್ಯ. ಹಾಗಾಗಿ ತರಬೇತಿಗೆ ಸೊರಗಿದ ಎಚ್‌20, ಬಳಕೆಗೆ ಚೆನ್ನಾಗಿಯೇ ಒದಗಿತು. ಮುಂದೆ ಜಗಳವೆದ್ದದ್ದು ಇದೇ ಚಿಪ್ ಮೇಲೆ.

ನಡುವೆ 2025ರ ಜನವರಿಯಲ್ಲಿ ಡೀಪ್‌ಸೀಕ್ ದೊಡ್ಡ ಸುದ್ದಿಯಾಯಿತು. ಚೀನಾದ ಈ ಕಂಪನಿ ತನ್ನ ವಿ3 ಮಾದರಿಯನ್ನು 2,048 ಎಚ್‌800 ಚಿಪ್‌ಗಳಲ್ಲಿ ತರಬೇತುಗೊಳಿಸಿದ್ದಾಗಿ, ಕೊನೆಯ ಸುತ್ತಿನ ಖರ್ಚು ಸುಮಾರು 56 ಲಕ್ಷ ಡಾಲರ್ ಎಂದು ತನ್ನ ವರದಿಯಲ್ಲಿ ಬರೆದಿತ್ತು. ಬಾಗಿಲು ಕಿರಿದಾದ ಚಿಪ್‌ಗಳಲ್ಲೇ ಕೆಲಸ ಸಾಗುವಂತೆ ಅವರ ಎಂಜಿನಿಯರ್‌ಗಳು ದಾರಿ ಹುಡುಕಿದ್ದರು. ಜನವರಿ 27ರಂದು, ಒಂದೇ ದಿನ, ಎನ್‌ವಿಡಿಯಾದ ಷೇರು ಮೌಲ್ಯ ಸುಮಾರು 59,000 ಕೋಟಿ ಡಾಲರ್ ಕರಗಿತು. ನಮ್ಮ ಲೆಕ್ಕದಲ್ಲಿ 50 ಲಕ್ಷ ಕೋಟಿ ರೂಪಾಯಿ. ನಿಷೇಧ ಸೋತಿತು ಎಂದರು ಒಂದು ಕಡೆಯವರು. ಆ ಚಿಪ್‌ಗಳು ನಿಯಮದ ಕಿಂಡಿಯಲ್ಲಿ ನುಸುಳಿ ಹೋದದ್ದರಿಂದಲೇ ಹೀಗಾಯಿತು, ಇನ್ನೂ ಬಿಗಿ ಮಾಡಿ ಎಂದರು ಇನ್ನೊಂದು ಕಡೆಯವರು.

ಯಾರು ಯಾವ ಕಡೆ, ಯಾಕೆ

2025ರ ಜನವರಿಗೆ ಕೊನೆಯಾದ ಹಣಕಾಸು ವರ್ಷದಲ್ಲಿ ಎನ್‌ವಿಡಿಯಾದ ಒಟ್ಟು ವರಮಾನ ಸುಮಾರು 13,000 ಕೋಟಿ ಡಾಲರ್. ಅದರಲ್ಲಿ ಚೀನಾದ ಪಾಲು 1,700 ಕೋಟಿ ಡಾಲರ್, ಅಂದರೆ ಶೇ 13. ಇಷ್ಟು ದೊಡ್ಡ ಗಿರಾಕಿಯನ್ನು ಯಾವ ವ್ಯಾಪಾರಿಯೂ ಸುಮ್ಮನೆ ಬಿಟ್ಟುಕೊಡುವುದಿಲ್ಲ. ಕಂಪನಿಯ ಮುಖ್ಯಸ್ಥ ಜೆನ್ಸನ್ ಹುವಾಂಗ್ ಅವರ ವಾದ ಹೀಗಿದೆ: ನಾವು ಮಾರದಿದ್ದರೆ ಹುವಾವೆಯಂಥ ಚೀನಾದ ಕಂಪನಿಗಳು ಸ್ವಂತ ಚಿಪ್ ಮಾಡುತ್ತವೆ, ಆ ಮಾರುಕಟ್ಟೆಯ ದುಡ್ಡಿನಿಂದಲೇ ಅವು ಬೆಳೆಯುತ್ತವೆ, ಕೊನೆಗೆ ನಮಗೇ ಎದುರು ನಿಲ್ಲುತ್ತವೆ.

ಎದುರು ವಾದವೂ ಅಷ್ಟೇ ಗಟ್ಟಿ. ಕ್ಲಾಡ್ ಎಂಬ ಎಐ ತಯಾರಿಸುವ ಆಂಥ್ರೋಪಿಕ್ ಕಂಪನಿಯ ಮುಖ್ಯಸ್ಥ ಡಾರಿಯೊ ಅಮೊಡೈ ರಫ್ತು ನಿಯಂತ್ರಣ ಬಿಗಿಯಾಗಿರಬೇಕು ಎಂದು ಬಹಿರಂಗವಾಗಿ ಬರೆದವರು. ಪ್ರಬಲ ಎಐ ಸರ್ವಾಧಿಕಾರಿ ಆಡಳಿತದ ಕೈಗೆ ಮೊದಲು ಸಿಗಬಾರದು ಎಂಬುದು ಅವರ ಕಾರಣ. ಚೀನಾದ ಪ್ರತಿಸ್ಪರ್ಧಿಗಳಿಗೆ ಚಿಪ್ ಸಿಗದಿದ್ದರೆ ಇಂಥ ಕಂಪನಿಗಳಿಗೆ ಅನುಕೂಲವೂ ಹೌದು. ಯಾವ ಕಡೆಯ ಮಾತು ಕೇಳುವಾಗಲೂ ಮಾತಾಡುವವರು ಏನು ಮಾರುತ್ತಾರೆ ಎಂಬುದನ್ನು ಜೊತೆಗಿಟ್ಟುಕೊಂಡರೆ ಚಿತ್ರ ತಿಳಿಯಾಗುತ್ತದೆ. ಚಿಪ್ ಮಾರುವವರಿಗೆ ಗಿರಾಕಿ ಬೇಕು, ಮಾದರಿ ಮಾರುವವರಿಗೆ ಪೈಪೋಟಿ ಬೇಡ.

ಶೇ 15ರ ಲೆಕ್ಕ

2025ರ ಏಪ್ರಿಲ್‌ನಲ್ಲಿ ಟ್ರಂಪ್ ಸರ್ಕಾರ ಎಚ್‌20 ಮಾರಾಟಕ್ಕೂ ಪರವಾನಗಿ ಕಡ್ಡಾಯ ಮಾಡಿತು. ದಾಸ್ತಾನು, ಮುಂಗಡ ಒಪ್ಪಂದಗಳೆಲ್ಲ ಸೇರಿ 550 ಕೋಟಿ ಡಾಲರ್‌ವರೆಗೆ ನಷ್ಟವಾಗಬಹುದು ಎಂದು ಎನ್‌ವಿಡಿಯಾ ಷೇರುದಾರರಿಗೆ ತಿಳಿಸಿತು. ಜುಲೈನಲ್ಲಿ ಹುವಾಂಗ್ ಅಧ್ಯಕ್ಷರನ್ನು ಭೇಟಿಯಾದ ಮೇಲೆ ಮಾರಾಟಕ್ಕೆ ದಾರಿ ತೆರೆಯಿತು. ಚೀನಾದ ಎಂಜಿನಿಯರ್‌ಗಳು ಅಮೆರಿಕದ ಚಿಪ್‌ಗೇ ಒಗ್ಗಿಕೊಂಡಿರಲಿ, ಅತ್ಯುತ್ತಮವಾದದ್ದನ್ನು ಮಾತ್ರ ಕೊಡುವುದು ಬೇಡ ಎಂಬ ಸಮರ್ಥನೆ ವಾಣಿಜ್ಯ ಸಚಿವ ಹೊವಾರ್ಡ್ ಲುಟ್ನಿಕ್ ಅವರಿಂದ ಬಂತು.

ಆಗಸ್ಟ್‌ನಲ್ಲಿ ಹೊರಬಿದ್ದ ಷರತ್ತು ಹಿಂದೆಂದೂ ಕೇಳದಂಥದ್ದು. ಚೀನಾದಲ್ಲಿ ಎಚ್‌20 ಮಾರಿ ಬಂದ ಹಣದಲ್ಲಿ ಶೇ 15ನ್ನು ಅಮೆರಿಕ ಸರ್ಕಾರಕ್ಕೆ ಕೊಡಬೇಕು. ಎಎಂಡಿ ಕಂಪನಿಯ ಎಂಐ308 ಚಿಪ್‌ಗೂ ಇದೇ ಷರತ್ತು. ತಾನು ಶೇ 20 ಕೇಳಿದ್ದೆ, ಚೌಕಾಸಿಯಲ್ಲಿ 15ಕ್ಕೆ ಬಂತು ಎಂದು ಟ್ರಂಪ್ ಅವರೇ ಸುದ್ದಿಗಾರರಿಗೆ ಹೇಳಿದರು.

ಇದರಲ್ಲಿ ಕಾನೂನು ಬಲ್ಲವರನ್ನು ಕಾಡಿದ್ದು ಎರಡು ವಿಷಯ. ಅಮೆರಿಕದ ಸಂವಿಧಾನ ರಫ್ತಿನ ಮೇಲೆ ತೆರಿಗೆ ಹಾಕುವುದನ್ನು ನೇರವಾಗಿ ನಿಷೇಧಿಸುತ್ತದೆ. 2018ರ ರಫ್ತು ನಿಯಂತ್ರಣ ಕಾಯ್ದೆ ಪರವಾನಗಿಗೆ ಶುಲ್ಕ ವಸೂಲಿ ಮಾಡಬಾರದು ಎನ್ನುತ್ತದೆ. ಇದಕ್ಕಿಂತ ಸರಳವಾದ ಪ್ರಶ್ನೆಯೂ ಉಂಟು. ಈ ಚಿಪ್ ದೇಶದ ಭದ್ರತೆಗೆ ಅಪಾಯಕಾರಿ ಎಂಬುದು ನಿಜವಾದರೆ, ಶೇ 15 ಕೊಟ್ಟ ಮಾತ್ರಕ್ಕೆ ಅಪಾಯ ಹೋಗುವುದು ಹೇಗೆ? ನೀರಗಂಟಿಗೆ ಊರಿನವರು ಬೆಳೆಯಲ್ಲಿ ಇಷ್ಟು ಕಾಳು ಅಂತ ಅಳೆದು ಕೊಡುವುದು ರೂಢಿ. ಅದು ಎಲ್ಲರಿಗೂ ಸಮನಾಗಿ ನೀರು ಬಿಟ್ಟದ್ದಕ್ಕೆ ಕೊಡುವ ಕೂಲಿ. ಬರ ಬಂದೀತೆಂದು ಮುಚ್ಚಿದ ತೂಬನ್ನು ಕಾಳು ಕೊಟ್ಟವರಿಗೆ ಎತ್ತುವುದು ಬೇರೆಯೇ ಸಂಗತಿ.

2025ರ ಡಿಸೆಂಬರ್‌ನಲ್ಲಿ ಟ್ರಂಪ್ ಇನ್ನೂ ಮುಂದೆ ಹೋದರು. ಎಚ್‌20ಗಿಂತ ಆರು ಪಟ್ಟಿಗೂ ಹೆಚ್ಚು ಲೆಕ್ಕದ ಶಕ್ತಿಯುಳ್ಳ ಎಚ್‌200 ಚಿಪ್‌ಗಳನ್ನೂ ಚೀನಾಕ್ಕೆ ಮಾರಲು ಬಿಡುವುದಾಗಿ ಘೋಷಿಸಿದರು. ಈ ಸಲ ಸರ್ಕಾರದ ಪಾಲು ಶೇ 25.

ಚೀನಾದ ಕೈಲೂ ಒಂದು ತೂಬಿದೆ

ಇದನ್ನೆಲ್ಲ ಚೀನಾ ಸುಮ್ಮನೆ ನೋಡುತ್ತಾ ಕೂರಲಿಲ್ಲ. 2023ರಲ್ಲಿ ಗ್ಯಾಲಿಯಂ, ಜರ್ಮೇನಿಯಂ ಎಂಬ ಲೋಹಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ಚಿಪ್ ಉದ್ಯಮಕ್ಕೆ ಇವು ಬೇಕೇ ಬೇಕು. 2025ರ ಏಪ್ರಿಲ್‌ನಲ್ಲಿ ಅಪರೂಪದ ಲೋಹಗಳ ಸರದಿ. ಆ ಏಟು ಬೆಂಗಳೂರಿಗೂ ತಟ್ಟಿತು: ಎಲೆಕ್ಟ್ರಿಕ್ ಸ್ಕೂಟರ್‌ಗಳ ಮೋಟಾರಿಗೆ ಬೇಕಾದ ಆಯಸ್ಕಾಂತ ಸಿಗದೆ ತಯಾರಕರು ಬದಲಿ ಹುಡುಕುವಂತಾಯಿತು. ಇನ್ನೊಂದು ಕಡೆ, ಎಚ್‌20 ಮಾರಾಟಕ್ಕೆ ಅಮೆರಿಕ ಒಪ್ಪಿದ ಹೊತ್ತಿಗೆ ಚೀನಾದ ಸೈಬರ್ ಆಡಳಿತ ಎನ್‌ವಿಡಿಯಾವನ್ನು ಕರೆಸಿ, ಚಿಪ್‌ನೊಳಗೆ ಹೊರಗಿನವರು ಗುಟ್ಟಾಗಿ ಕೈಹಾಕಬಲ್ಲ ಕಳ್ಳಬಾಗಿಲು ಇದೆಯೇ ಎಂದು ವಿವರಣೆ ಕೇಳಿತು. ಕಂಪನಿ ಇಲ್ಲ ಎಂದಿತು. ತನ್ನ ಕಂಪನಿಗಳು ದೇಶೀ ಚಿಪ್ ಕಡೆ ತಿರುಗಲಿ ಎಂಬ ಇರಾದೆ ಚೀನಾ ಸರ್ಕಾರಕ್ಕೆ ಇತ್ತು.

ಹಾಗಾದರೆ ಎಐ ಮೇಲಿನ ಕಾನೂನುಗಳು?

ಚಿಪ್ ಬಿಟ್ಟು ನೇರವಾಗಿ ಮಾದರಿಗಳ ಮೇಲೆಯೇ ನಿಯಮ ತರುವ ಯತ್ನಗಳೂ ನಡೆದವು. ಅಲ್ಲೂ ಅಳತೆಗೋಲು ಗಣನಾ ಶಕ್ತಿಯೇ. 2023ರ ಅಕ್ಟೋಬರ್‌ನಲ್ಲಿ ಬೈಡನ್ ಹೊರಡಿಸಿದ ಆದೇಶದ ಪ್ರಕಾರ, ತರಬೇತಿಗೆ 1ರ ಮುಂದೆ 26 ಸೊನ್ನೆ ಹಾಕಿದಷ್ಟು ಲೆಕ್ಕಗಳನ್ನು ಮೀರಿ ಬಳಸಿದವರು ಸರ್ಕಾರಕ್ಕೆ ವರದಿ ಕೊಡಬೇಕಿತ್ತು. ಟ್ರಂಪ್ ಅಧಿಕಾರಕ್ಕೆ ಬಂದ ದಿನವೇ ಅದು ರದ್ದಾಯಿತು. ಕ್ಯಾಲಿಫೋರ್ನಿಯಾದ ಶಾಸನಸಭೆ 2024ರಲ್ಲಿ ದೊಡ್ಡ ಎಐ ಮಾದರಿಗಳ ಸುರಕ್ಷತೆಗೆಂದು ಎಸ್‌ಬಿ 1047 ಎಂಬ ಮಸೂದೆ ಪಾಸು ಮಾಡಿದರೆ, ಗವರ್ನರ್ ಗ್ಯಾವಿನ್ ನ್ಯೂಸಮ್ ತಡೆದರು. ಸರಿಯಾಗಿ ಒಂದು ವರ್ಷದ ಮೇಲೆ, 2025ರ ಸೆಪ್ಟೆಂಬರ್ 29ರಂದು, ಅದಕ್ಕಿಂತ ಮೆದುವಾದ ಎಸ್‌ಬಿ 53ಕ್ಕೆ ಅವರೇ ಸಹಿ ಹಾಕಿದರು.

ರಾಜ್ಯಗಳು ಹೀಗೆ ಕಾನೂನು ಮಾಡುವುದನ್ನೇ ತಡೆಯುವ ಪ್ರಸ್ತಾವವನ್ನು 2025ರ ಜುಲೈ 1ರಂದು ಅಮೆರಿಕದ ಸೆನೆಟ್ 99–1 ಮತಗಳಿಂದ ಮಸೂದೆಯಿಂದ ಕಿತ್ತುಹಾಕಿತು. ಮರು ತಿಂಗಳೇ ದುಡ್ಡು ಇನ್ನೊಂದು ದಾರಿ ಹಿಡಿಯಿತು. ಹೂಡಿಕೆ ಸಂಸ್ಥೆ ಆಂಡ್ರೀಸನ್ ಹೊರೊವಿಟ್ಜ್, ಓಪನ್‌ಎಐ ಕಂಪನಿಯ ಗ್ರೆಗ್ ಬ್ರಾಕ್‌ಮನ್ ಮೊದಲಾದವರ 10 ಕೋಟಿ ಡಾಲರ್‌ಗೂ ಮಿಕ್ಕ ಬೆಂಬಲದಿಂದ ಲೀಡಿಂಗ್ ದ ಫ್ಯೂಚರ್ ಎಂಬ ಚುನಾವಣಾ ನಿಧಿ ಹುಟ್ಟಿತು. ಬಿಗಿ ನಿಯಮ ಬೇಡ ಎನ್ನುವ ಅಭ್ಯರ್ಥಿಗಳನ್ನು ಗೆಲ್ಲಿಸುವುದು ಅದರ ಕೆಲಸ. ನಿಯಮ ಬೇಕು ಎನ್ನುವವರ ಕಡೆಗೂ ದುಡ್ಡು ಬಂತು: 2026ರ ಫೆಬ್ರವರಿಯಲ್ಲಿ ಆಂಥ್ರೋಪಿಕ್ ಅಂಥದೊಂದು ಗುಂಪಿಗೆ 2 ಕೋಟಿ ಡಾಲರ್ ಕೊಟ್ಟಿತು.

ನಡುವಿನ ಸಾಲಿನ ನಾವು

ಬೈಡನ್ ಕಾಲದ ಮೂರು ಸಾಲಿನ ಪಟ್ಟಿಯನ್ನು ಕೈಬಿಟ್ಟದ್ದು 2025ರ ಮೇ 13ರಂದು. ಅಂದು ಟ್ರಂಪ್ ಸೌದಿ ಅರೇಬಿಯಾದಲ್ಲಿದ್ದರು. ಅದೇ ದಿನ ಎನ್‌ವಿಡಿಯಾ ಅಲ್ಲಿನ ಹ್ಯೂಮೇನ್ ಕಂಪನಿಗೆ 18,000 ಹೊಸ ಚಿಪ್ ಕೊಡುವುದಾಗಿ ಪ್ರಕಟಿಸಿತು. ಎರಡು ದಿನ ಕಳೆದು ಅಬುಧಾಬಿಯಲ್ಲಿ 5 ಗಿಗಾವ್ಯಾಟ್ ವಿದ್ಯುತ್ ಬೇಡುವ ಎಐ ಕೇಂದ್ರದ ಘೋಷಣೆ. ಪಟ್ಟಿ ಹೋಯಿತು, ದೇಶ ದೇಶದ ಜೊತೆ ಬೇರೆ ಬೇರೆ ಚೌಕಾಸಿ ಬಂತು. ಕೊಳ್ಳುವ ದುಡ್ಡಿರುವವರಿಗೆ ಇದು ಒಳ್ಳೆಯ ಸುದ್ದಿ.

ಭಾರತ ತನ್ನ ಲೆಕ್ಕದಲ್ಲಿ ಮುಂದೆ ಹೆಜ್ಜೆ ಇಟ್ಟಿದೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟ ಇಂಡಿಯಾ ಎಐ ಮಿಷನ್‌ಗೆ ಸುಮಾರು 10,372 ಕೋಟಿ ರೂಪಾಯಿ ಒಪ್ಪಿಗೆ ಕೊಟ್ಟಿತು. ಖಾಸಗಿ ಡೇಟಾ ಸೆಂಟರ್‌ಗಳ ಜಿಪಿಯುಗಳನ್ನು ಗಂಟೆಗೆ 100 ರೂಪಾಯಿಗಿಂತ ಕಡಿಮೆ ದರದಲ್ಲಿ ಸಂಶೋಧಕರಿಗೆ, ಹೊಸ ಕಂಪನಿಗಳಿಗೆ ಕೊಡಿಸುವುದು ಅದರ ಮುಖ್ಯ ಭಾಗ. ದೇಶದ ಸ್ವಂತ ಭಾಷಾ ಮಾದರಿ ಕಟ್ಟಲು 2025ರ ಏಪ್ರಿಲ್‌ನಲ್ಲಿ ಮೊದಲು ಆಯ್ಕೆಯಾದದ್ದು ಬೆಂಗಳೂರಿನ ಸರ್ವಂ ಎಂಬ ಹೊಸ ಕಂಪನಿ. ಅದಕ್ಕೆ ಆರು ತಿಂಗಳಿಗೆ 4,096 ಎಚ್‌100 ಚಿಪ್‌ಗಳ ಬಳಕೆ ಮಂಜೂರಾಯಿತು. ಕನ್ನಡವೂ ಸೇರಿ ನಮ್ಮ ಭಾಷೆಗಳಿಗೆ ಎಂದು ಹೊರಟ ಈ ಯತ್ನ ನಿಂತಿರುವುದು ತೈವಾನ್‌ನಲ್ಲಿ ತಯಾರಾಗಿ, ಅಮೆರಿಕದ ನಿಯಮದಡಿ ಬಂದ ಚಿಪ್‌ಗಳ ಮೇಲೆ. ಗುಜರಾತಿನ ಧೋಲೇರಾದಲ್ಲಿ 91,000 ಕೋಟಿ ರೂಪಾಯಿಯ ಟಾಟಾ ಕಾರ್ಖಾನೆ ಏಳುತ್ತಿದೆ ನಿಜ. ಆದರೆ ಅಲ್ಲಿ ಮಾಡಲಿರುವುದು 28 ನ್ಯಾನೋಮೀಟರ್ ದರ್ಜೆಯ ಚಿಪ್, ಕಾರು, ಫ್ರಿಜ್‌ಗಳಿಗೆ ಹೊಂದುವಂಥದ್ದು. ಎಚ್‌100 ಇರುವುದು 4 ನ್ಯಾನೋಮೀಟರ್ ದರ್ಜೆಯಲ್ಲಿ; ಸಂಖ್ಯೆ ಚಿಕ್ಕದಾದಷ್ಟೂ ಗೆರೆ ಸೂಕ್ಷ್ಮ.

ಬೆಂಗಳೂರಿಗೆ ಇಂಥ ಪರಿಸ್ಥಿತಿ ಹೊಸದಲ್ಲ. 1980ರ ದಶಕದಲ್ಲಿ ಭಾರತ ಕೇಳಿದಷ್ಟು ಶಕ್ತಿಯ ಕ್ರೇ ಸೂಪರ್‌ಕಂಪ್ಯೂಟರ್ ಕೊಡಲು ಅಮೆರಿಕ ಒಪ್ಪಲಿಲ್ಲ. ಹವಾಮಾನ ಮುನ್ಸೂಚನೆಗೆಂದು ಚಿಕ್ಕದೊಂದನ್ನು, ಷರತ್ತುಗಳ ಮೇಲೆ, ದೆಹಲಿಗೆ ಕೊಟ್ಟಿತು. ಅದೇ ಕಾಲದಲ್ಲಿ, 1986ರಲ್ಲಿ, ಬೆಂಗಳೂರಿನ ಎನ್‌ಎಎಲ್ (ವಿಮಾನ ಸಂಶೋಧನೆಯ ಸರ್ಕಾರಿ ಪ್ರಯೋಗಾಲಯ) ವಿಜ್ಞಾನಿಗಳು ಮಾರುಕಟ್ಟೆಯಲ್ಲಿ ಸಿಗುತ್ತಿದ್ದ ಪ್ರೊಸೆಸರ್‌ಗಳನ್ನು ಒಂದಕ್ಕೊಂದು ಜೋಡಿಸಿ ಫ್ಲೋಸಾಲ್ವರ್ ಎಂಬ ದೇಶದ ಮೊದಲ ಸಮಾಂತರ ಕಂಪ್ಯೂಟರ್ ಕಟ್ಟಿದರು. 1991ರಲ್ಲಿ ಪುಣೆಯ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿಡ್ಯಾಕ್‌ನಿಂದ ಪರಮ್ ಎಂಬ ಸೂಪರ್‌ಕಂಪ್ಯೂಟರ್ ಬಂತು. ಅದರೊಳಗಿದ್ದದ್ದೂ ಬ್ರಿಟನ್ನಿನ ಟ್ರಾನ್ಸ್‌ಪ್ಯೂಟರ್ ಚಿಪ್‌ಗಳು. ಜೋಡಿಸುವ ಬುದ್ಧಿ ನಮ್ಮದಾಗಿತ್ತು. ಆಗ ತಡೆದದ್ದು ಇಡೀ ಯಂತ್ರವನ್ನು, ಬಿಡಿ ಚಿಪ್ ನಾವು ಮಾರುಕಟ್ಟೆಯಲ್ಲಿ ಕೊಳ್ಳಬಹುದಿತ್ತು. ಈಗ ತೂಬು ಆ ಬಿಡಿ ಚಿಪ್‌ನ ಮಟ್ಟಕ್ಕೇ ಇಳಿದಿದೆ.